ಹೊತ್ತು ಮುಳುಗುವಾಗಿನ ಅಳು

ಈ ಕಥೆಯಲ್ಲಿ ನಾನು ಮಾಡಿದ ಕೆಲಸ ಅಳುವುದೊಂದೇ. ಅದನ್ನಾದರೂ ಮನಸ್ಸಿಟ್ಟು ಮಾಡಿದೆ ಎಂದು ನಮ್ಮವ್ವ ಕೊನೆಯವರೆಗೂ ಹೇಳುತ್ತಿದ್ದಳು. ಹೊತ್ತು ಮುಳುಗುವಾಗ ಶುರು ಮಾಡಿದರೆ ಓಣಿಯಲ್ಲಿ ದೀಪ ಹೊತ್ತಿ, ರೊಟ್ಟಿ ಬಡಿಯುವ ಸದ್ದು ನಿಂತು, ಮಂದಿ ಉಂಡು ಕೈ ತೊಳೆಯುವವರೆಗೂ ಬಿಡುತ್ತಿರಲಿಲ್ಲವಂತೆ. ಮರುದಿನ ಬೆಳಿಗ್ಗೆ ನೋಡಿದರೆ ಏನೂ ನಡೆದೇ ಇಲ್ಲವೆಂಬಂತೆ ಕಾಲು ಬಡಿಯುತ್ತ ಮಲಗಿರುತ್ತಿದ್ದೆ. ಹಗಲೆಲ್ಲ ಒಳ್ಳೆಯ ಕೂಸು, ಸಂಜೆಯಾದರೆ ಯಾರದೋ ಕೂಸು.

ನಾನು ಹುಟ್ಟಿದ್ದು ಸಾವಿರದ ಒಂಬೈನೂರ ನಲವತ್ತೆಂಟರ ಕಾರಹುಣ್ಣಿಮೆಗೆ ನಾಲ್ಕು ದಿನ ಮುಂಚೆ, ಕಡಗಂಚಿಯಲ್ಲಿ, ಅಪ್ಪನ ಮನೆಯಲ್ಲಿ. ಅಲ್ಲಿಂದಲೇ ಎಡವಟ್ಟು ಶುರುವಾಯಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಹೆಣ್ಣುಮಗಳು ಏಳು ತಿಂಗಳಿಗೆ ತವರಿಗೆ ಹೋದರೆ ಕೂಸಿಗೆ ಐದು ತಿಂಗಳಾದ ಮೇಲೆಯೇ ತಿರುಗಿ ಬರುವುದು. ಗಂಡ ಎನ್ನುವವನು ಅಲ್ಲಿಯವರೆಗೆ ಕೂಸಿನ ಅಳುವನ್ನು ಕೇಳುವುದೇ ಇಲ್ಲ. ಅವನ ಕೈಗೆ ಬರುವಷ್ಟರಲ್ಲಿ ಅದು ಎಣ್ಣೆ ನೀರು ಎರೆಸಿಕೊಂಡು ದುಂಡಗಾಗಿ, ನಗುವುದನ್ನು ಕಲಿತಿರುತ್ತದೆ. ಗಂಡಸರು ಮಕ್ಕಳನ್ನು ಅಷ್ಟು ಸಲೀಸಾಗಿ ಹಡೆಯಿಸುತ್ತ ಹೋಗುವುದು ಇದರಿಂದಲೇ ಎಂದು ನನ್ನ ಅನುಮಾನ.

ಅವ್ವನ ತವರು ಭೀಮಾ ದಂಡೆಯ ಮಣ್ಣೂರು. ಆ ವರ್ಷ ಅಲ್ಲಿಗೆ ಹೋಗುವ ದಾರಿಯೇ ಇರಲಿಲ್ಲ. ನದಿಯ ಆಚೆ ಒಂದು ಸರ್ಕಾರ, ಈಚೆ ನಿಜಾಮರ ಸರ್ಕಾರ. ನಡುವೆ ಬಂದೂಕು ಹಿಡಿದ ರಜಾಕಾರರು, ಪೊಲೀಸರು, ನಾಕಾಗಳು. ತುಂಬಿದ ಬಸುರಿಯನ್ನು ಬಂಡಿಯಲ್ಲಿ ಕೂರಿಸಿ ಎರಡು ದಿನದ ದಾರಿ ಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಸೋದರಮಾವನೇ ಯಾರ ಕೈಯಲ್ಲೋ ಹೇಳಿ ಕಳಿಸಿದ: "ಅಕ್ಕನ್ನ ಕಳಸಬ್ಯಾಡ್ರಿ. ನಾವೇ ಮನಿಗೆ ಕೀಲಿ ಹಾಕಿ ನದಿ ದಾಟೇವಿ." ಹೀಗಾಗಿ ಅವ್ವ ಗಂಡನ ಮನೆಯಲ್ಲೇ ಉಳಿದಳು. ಮಾವ ಬರದೆ ತೊಟ್ಟಿಲು ಬರಲಿಲ್ಲ, ತೊಟ್ಟಿಲು ಬರದೆ ಹೆಸರಿಡಲಿಲ್ಲ. ಎರಡು ತಿಂಗಳು ನನ್ನ ಹೆಸರು ಬರೀ 'ಕೂಸು'.

ನಮ್ಮದು ಗಾಣಿಗರ ಮನೆ. ಅಜ್ಜ ಜಗದೇವಪ್ಪ, ಅಜ್ಜಿ ಬಾಳಮ್ಮ, ಅವರ ಒಬ್ಬನೇ ಮಗ ದೇವಿಂದ್ರಪ್ಪ ನಮ್ಮಪ್ಪ, ಸೊಸೆ ಶರಣಬಸಮ್ಮ ನಮ್ಮವ್ವ. ಮನೆಗೆ ಹೊಂದಿಕೊಂಡೇ ಗಾಣ. ದೊಡ್ಡ ಕಲ್ಲಿನ ಒರಳು, ಅದರೊಳಗೆ ತಿರುಗುವ ಮರದ ಒನಕೆ, ಒನಕೆಗೆ ಜೋಡಿಸಿದ ಅಡ್ಡಮರ. ಕಣ್ಣಿಗೆ ಬಟ್ಟೆ ಕಟ್ಟಿದ ಎತ್ತು ಅಡ್ಡಮರವನ್ನು ಎಳೆದುಕೊಂಡು ದಿನವಿಡೀ ಸುತ್ತುತ್ತದೆ. ಭಾರ ಬೀಳಲೆಂದು ಅಡ್ಡಮರದ ಮೇಲೆ ಕಲ್ಲು ಹೇರಿ, ಎತ್ತು ಹೊಡೆಯುವವನೂ ಅದರ ಮೇಲೆಯೇ ಕೂರುತ್ತಾನೆ. ಅಪ್ಪ ಹದಿನೈದು ವರ್ಷದವನಾಗಿದ್ದಾಗಿನಿಂದ ಹಾಗೆ ಕೂತು ಸುತ್ತಿದವನು. ಮನೆಯಲ್ಲಿ ಹೆರಿಗೆಗೆಂದು ಕೋಣೆ ಇಟ್ಟುಕೊಂಡವರು ಯಾರು? ಕುಸುಬೆ ಚೀಲಗಳನ್ನು ಪಡಸಾಲೆಗೆ ಎಳೆದು, ಕಾಳಿನ ಕೋಣೆಯನ್ನೇ ಬಾಣಂತಿ ಕೋಣೆ ಮಾಡಿದರು. ಆ ಕೋಣೆಯ ಗೋಡೆಯಲ್ಲಿ ಗಾಣದ ಕಡೆಗೆ ಒಂದು ಕಿಂಡಿ ಇತ್ತು. ಒಳಗಿನಿಂದ ಕಾಳಿನ ಬುಟ್ಟಿ ದಾಟಿಸಲಿಕ್ಕೆ ಇಟ್ಟುಕೊಂಡದ್ದು. ಒಂದು ಬುಟ್ಟಿ ಹಿಡಿಸುವಷ್ಟು ಅಗಲ.

ಹುಟ್ಟಿದ ಹತ್ತನೆಯ ದಿನಕ್ಕೆ ನನ್ನ ಸಂಜೆಯ ಅಳು ಶುರುವಾಯಿತು. ಹೆರಿಗೆ ಮಾಡಿಸಿದ ಮದೀನಾಬಿ ಬಂದು ಹೊಟ್ಟೆ ಮುಟ್ಟಿ ನೋಡಿ, "ಏನೂ ಆಗಿಲ್ಲವ್ವ. ಕೆಲವು ಕೂಸು ಹಿಂಗೇ. ಮೂರು ತಿಂಗಳು ಅತ್ತು ತಾವೇ ಸುಮ್ಮಗಾಗ್ತಾವ. ಎದಿಗೆ ಹಚಗೊಂಡು ಅಡ್ಡಾಡ್ರಿ" ಎಂದು ಹೇಳಿ ಹೋದಳು. ಬೇರೆ ವರ್ಷವಾಗಿದ್ದರೆ ಅವಳ ಮಾತಿಗೆ ನಮ್ಮ ಮನೆಯಲ್ಲಿ ಎದುರಿರಲಿಲ್ಲ. ಅಪ್ಪನನ್ನೂ ಅವಳೇ ನೆಲಕ್ಕಿಳಿಸಿದವಳು. ಆದರೆ ರಜಾಕಾರರ ಗಲಾಟೆಯ ಆ ಮಳೆಗಾಲದಲ್ಲಿ ಅಜ್ಜ ಅವಳನ್ನು ಕರೆಸುವುದನ್ನು ಬಿಟ್ಟ. ಅವಳ ಮಗನೂ ಅವಳನ್ನು ಹಿಂದೂಗಳ ಓಣಿಗೆ ಕಳಿಸುವುದನ್ನು ಬಿಟ್ಟ. ಮೂವತ್ತು ವರ್ಷ ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತವರು ಹೀಗೆ ಮುಖ ತಿರುಗಿಸಿದ್ದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಮೂರು ತಿಂಗಳು ಕಾಯಿರಿ ಎಂದು ಇನ್ನೊಮ್ಮೆ ಹೇಳುವವರು ಆಮೇಲೆ ಮನೆಯೊಳಗೆ ಬರಲೇ ಇಲ್ಲ.

ಹಾಗಾಗಿ ಔಷಧವೆಲ್ಲ ಅಜ್ಜಿಯ ಕೈಗೆ ಬಂತು. ಬಜೆ ತೇಯ್ದು ನೆಕ್ಕಿಸಿದಳು. ಹೊಕ್ಕುಳ ಸುತ್ತ ಇಂಗು ಹಚ್ಚಿದಳು. ಹರಳೆಣ್ಣೆ ಸವರಿದ ಎಲೆಯನ್ನು ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿ ಹೊಟ್ಟೆಯ ಮೇಲಿಟ್ಟಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅವ್ವನಿಗೆ ಬದನೆಕಾಯಿ ಬಂದ್ ಆಯಿತು, ಬೇಳೆ ಬಂದ್ ಆಯಿತು, ತಣ್ಣೀರು ಬಂದ್ ಆಯಿತು. ಉಳಿದದ್ದು ಒಣ ರೊಟ್ಟಿ, ಬೆಳ್ಳುಳ್ಳಿ ಖಾರ. ಘತ್ತರಗಿ ಭಾಗ್ಯವಂತಿಗೆ ಹರಕೆ ಹೊತ್ತದ್ದೂ ಆಯಿತು. ನಾನು ಯಾವುದಕ್ಕೂ ಜಗ್ಗಲಿಲ್ಲ. ಅವ್ವನಿಗೆ ಆಗ ಹತ್ತೊಂಬತ್ತು ವರ್ಷ. ನಾನು ಅಳುವುದಕ್ಕೆ ಮೊದಲೇ ಅವಳು ಅಳಲಿಕ್ಕೆ ಶುರುಮಾಡಿದ ದಿನಗಳೂ ಇದ್ದವು.

ಅಪ್ಪ ಏನು ಮಾಡುತ್ತಿದ್ದ ಎಂದು ನೀವು ಕೇಳಬಹುದು. ಗೋಡೆಯ ಆ ಕಡೆ ಕೂತು ಕೇಳುತ್ತಿದ್ದ. ನಮ್ಮ ಕಡೆ ಗಂಡಸಾದವನು ತನ್ನ ಅಪ್ಪ ಅವ್ವನ ಮುಂದೆ ತನ್ನ ಕೂಸನ್ನು ಎತ್ತಿಕೊಳ್ಳುವಂತಿರಲಿಲ್ಲ. ಅಣ್ಣನ ಮಕ್ಕಳನ್ನು ಎತ್ತಬಹುದು, ಬೀದಿಯ ಮಕ್ಕಳನ್ನು ಎತ್ತಬಹುದು, ತನ್ನದನ್ನು ಮಾತ್ರ ಇಲ್ಲ. ಅದು ಹಿರಿಯರ ಮುಂದೆ ಹೆಂಡತಿಯ ಕೈ ಹಿಡಿದಷ್ಟೇ ನಾಚಿಕೆಗೇಡು. ಈ ವಿಷಯದಲ್ಲಿ ಅಜ್ಜ ಓಣಿಗೇ ಹಿರಿಯ. ಒಮ್ಮೆ ಯಾರೋ ಸಂತೆಯಿಂದ ತನ್ನ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದದ್ದನ್ನು ನೋಡಿ, ಕಟ್ಟೆಯ ಮೇಲಿದ್ದ ಅಜ್ಜ ಎಲ್ಲರಿಗೂ ಕೇಳುವಂತೆ, "ಯಾಕ, ಅವನಿಗೆ ಅಪ್ಪ ಇಲ್ಲೇನು?" ಎಂದಿದ್ದ; ಅಪ್ಪ ಇದ್ದವನು ಹೀಗೆ ಮಗನನ್ನು ಹೊತ್ತು ತಿರುಗುವುದೇ ಎಂದು. ಆ ಮಾತು ಕೇಳಿದಾಗ ನಮ್ಮಪ್ಪ ಪಕ್ಕದಲ್ಲೇ ನಿಂತಿದ್ದ. ಅವನಿಗಿನ್ನೂ ಮದುವೆಯಾಗಿರಲಿಲ್ಲ. ಆದರೂ ಆ ಮಾತು ಅವನ ಕಿವಿಯಲ್ಲಿ ಕೂತುಬಿಟ್ಟಿತ್ತು.

ಬೇರೆ ಕಾಲದಲ್ಲಿ ಹೊತ್ತು ಮುಳುಗುವಾಗ ಅಜ್ಜ ಗುಡಿಯ ಕಟ್ಟೆಯ ಮೇಲೆ, ಅಜ್ಜಿ ಯಾರದೋ ಮನೆಯ ಹೊಸ್ತಿಲ ಮೇಲೆ ಇರುತ್ತಿದ್ದರು. ಆ ವರ್ಷ ಸಂಜೆಯಾದರೆ ಬೀದಿ ಖಾಲಿ, ಬಾಗಿಲೆಲ್ಲ ಅಗಳಿ ಹಾಕಿದ್ದು. ಹೀಗಾಗಿ ನಾನು ಅಳುವ ಹೊತ್ತಿಗೆ ಸರಿಯಾಗಿ ಅಜ್ಜ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿರುತ್ತಿದ್ದ, ಅಜ್ಜಿ ಒಳಗೂ ಹೊರಗೂ ಓಡಾಡುತ್ತಿದ್ದಳು. ಅಪ್ಪನಿಗೆ ಕೂಸಿನ ಹತ್ತಿರ ಸುಳಿಯುವ ದಾರಿಯೇ ಇರಲಿಲ್ಲ.

ಇಪ್ಪತ್ತೇಳನೆಯ ದಿನವೋ ಇಪ್ಪತ್ತೆಂಟನೆಯದೋ, ಕೆಳಗಿನ ಓಣಿಯಲ್ಲಿ ಯಾರೋ ತೀರಿಕೊಂಡರು. ಅಜ್ಜ ಅಜ್ಜಿ ಇಬ್ಬರೂ ಹೋದರು. ನಾನು ಶುರು ಮಾಡಿದೆ. ಅವ್ವ ಎದೆಗೆ ಹಚ್ಚಿದಳು, ತೊಡೆಯ ಮೇಲೆ ಮಲಗಿಸಿದಳು, ಸೀರೆಯ ಜೋಳಿಗೆಯಲ್ಲಿ ತೂಗಿದಳು. ಕೊನೆಗೆ ಅವಳ ಸಹನೆ ಹರಿಯಿತು. ಕಿಂಡಿಯ ಹತ್ತಿರ ಹೋಗಿ, ಕಾಳಿನ ಬುಟ್ಟಿ ದಾಟಿಸುವ ಹಾಗೆಯೇ ನನ್ನನ್ನು ಗಾಣದ ಕಡೆಗೆ ಚಾಚಿದಳು.

"ಹಿಡಕೋರಿ," ಅಂದಳು. "ನಾ ಒಬ್ಬಾಕಿನೇ ಹಡದಿಲ್ಲ."

ಅಪ್ಪನಿಗೆ ಕೂಸನ್ನು ಹೇಗೆ ಹಿಡಿಯಬೇಕೆಂದೇ ಗೊತ್ತಿರಲಿಲ್ಲ. ಕೈ ಮೊಣಕೈಯವರೆಗೆ ಎಣ್ಣೆ. ಜಾರಿ ಬಿದ್ದೀತೆಂಬ ಹೆದರಿಕೆಗೆ ಎದೆಗೆ ಅವುಚಿಕೊಂಡ. ತನಗೆ ರೂಢಿಯಿದ್ದ ಜಾಗದಲ್ಲಿ, ಅಡ್ಡಮರದ ಮೇಲೆ ಹೋಗಿ ಕೂತ. ಎತ್ತು ಭಾರ ಬಿದ್ದದ್ದು ತಿಳಿದು ತಾನೇ ಹೊರಟಿತು. ಒಂದು ಸುತ್ತಿಗೆ ನನ್ನ ಅಳು ಇಳಿಯಿತು. ಎರಡನೆಯ ಸುತ್ತಿಗೆ ಬಿಕ್ಕಳಿಕೆ. ಮೂರನೆಯ ಸುತ್ತಿಗೆ ಬರೀ ಗಾಣದ ಕಿರುಗುಟ್ಟುವ ಸದ್ದು. ಕಿಂಡಿಯಲ್ಲಿ ಮುಖವಿಟ್ಟು ನಿಂತಿದ್ದ ಅವ್ವನಿಗೆ ಮೊದಲು ಹೆದರಿಕೆಯಾಯಿತಂತೆ. ಆಮೇಲೆ ಅಪ್ಪನ ಹೆಗಲ ಮೇಲೆ ನನ್ನ ಬಾಯಿ ತೆರೆದಿರುವುದು, ಜೊಲ್ಲು ಇಳಿಯುತ್ತಿರುವುದು ಕಂಡು ಕಣ್ಣು ತುಂಬಿಕೊಂಡಳು. ಗಾಣದ ಸದ್ದಿಗೋ, ಸುತ್ತಿಗೋ, ಎಣ್ಣೆಯ ವಾಸನೆಗೋ, ಅಪ್ಪನ ಮೈಕಾವಿಗೋ ನಾನು ಯಾವುದಕ್ಕೆ ಒಲಿದೆನೆಂದು ನನ್ನನ್ನೇ ಎಷ್ಟೋ ಸಲ ಕೇಳಿದ್ದಾಳೆ. ನನಗೆ ನೆನಪಿದ್ದರಲ್ಲವೇ ಹೇಳಲಿಕ್ಕೆ.

ಮರುದಿನದಿಂದ ಗಂಡ ಹೆಂಡಿರು ಕಳ್ಳರಾದರು. ಹೊತ್ತು ಮುಳುಗುವಾಗ ಅಪ್ಪ, "ಇನ್ನೊಂದು ಗಾಣ ಕುಸುಬಿ ಹಾಕ್ತೇನಿ" ಎಂದು ಹೇಳಿ ಎತ್ತು ಕಟ್ಟುವುದು. ಅಳು ಶುರುವಾದೊಡನೆ ಅವ್ವ ಕಿಂಡಿಯಿಂದ ನನ್ನನ್ನು ದಾಟಿಸುವುದು. ಅಳು ಪೂರಾ ನಿಂತು ಗಾಢ ನಿದ್ದೆ ಹತ್ತಿದ ಮೇಲೆ ಅಪ್ಪ ತಿರುಗಿ ದಾಟಿಸುವುದು. ಮಧ್ಯದಲ್ಲಿ ಯಾರಾದರೂ ಇಣುಕಿದರೆ ಕಾಣಲೆಂದು ಅವ್ವ ಒಂದು ಹಳೆಯ ಸೀರೆಯನ್ನು ಮುದ್ದೆ ಮಾಡಿ, ಅದರ ತಲೆಗೆ ನನ್ನ ಕುಲಾಯಿ ಹಾಕಿ, ಮಗ್ಗುಲಲ್ಲಿ ಇಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಬಾಣಂತಿ ಕೋಣೆಯಲ್ಲಿ ಬೆಳಕು ಮೊದಲೇ ಕಡಿಮೆ. ಮಗ ಸಂಜೆಯೂ ದುಡಿಯುತ್ತಾನೆಂದು ಅಜ್ಜನಿಗೆ ಹೆಮ್ಮೆಯೋ ಹೆಮ್ಮೆ. ಅಪ್ಪನಿಗೆ ಒಮ್ಮೆಯಾದರೂ ನಗು ಬಂದಿರಬೇಕು. ಕೇಳಿದರೆ ಅವನು ಹೇಳುತ್ತಿದ್ದುದು ಬೇರೆಯೇ: "ನೀ ಅಡ್ಡಮರದ ಮ್ಯಾಲಿನ ಕಲ್ಲಿಗಿಂತ ಹಗುರ ಇದ್ದಿ. ಆದ್ರ ಕಲ್ಲು ಹಿಡಕೊಂಡು ಕುಂತಾಗ ಇಷ್ಟು ಅಂಜಿಕಿ ಎಂದೂ ಆಗಿದ್ದಿಲ್ಲ."

ಎರಡು ವಾರ ಹೀಗೆ ನಡೆಯಿತು. ಅವ್ವ ಮೊದಲ ಸಲ ಹೊಟ್ಟೆ ತುಂಬ ಉಂಡಳು. ಆದರೆ ಇಬ್ಬರೂ ಒಂದು ವಿಷಯ ಮರೆತಿದ್ದರು. ಪಡಸಾಲೆಯಲ್ಲಿ ಕೂತವರಿಗೆ ಏನೂ ಕಾಣದಿದ್ದರೂ ಕಿವಿ ಇತ್ತು. ಅವರಿಗೆ ಕೇಳುತ್ತಿದ್ದುದು ಇಷ್ಟು: ಕೂಸು ಒದರುತ್ತದೆ, ಒದರುತ್ತದೆ, ಅಳು ಎಲ್ಲೋ ದೂರ ಹೋದಂತಾಗುತ್ತದೆ, ಆಮೇಲೆ ಕಡಿದಂತೆ ನಿಲ್ಲುತ್ತದೆ.

"ಅತ್ತು ಸುಮ್ಮಗಾಗೋ ಕೂಸು ಹಿಂಗ ಸುಮ್ಮಗಾಗಲ್ಲ," ಎಂದು ಅಜ್ಜಿ ಗಂಡನಿಗೆ ಹೇಳಿದಳು. "ಉಸುರು ಕಟ್ಟಾಕತ್ತದ."

ನಾಗರ ಅಮಾವಾಸ್ಯೆಗೆ ಇನ್ನು ಎಂಟು ದಿನ ಇರುವಾಗ ಅಜ್ಜಿ ತಡೆಯಲಾರದೆ ಕೋಣೆಯೊಳಗೆ ಬಂದಳು. ಅವ್ವ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದಳು. ಅಜ್ಜಿ ಬಗ್ಗಿ ಕೂಸಿನ ಎದೆಯ ಮೇಲೆ ಕೈಯಿಟ್ಟಳು. ಅದು ಸೀರೆಯ ಮುದ್ದೆ. ಮೆತ್ತಗಿತ್ತು, ತಣ್ಣಗಿತ್ತು, ಉಸಿರಿರಲಿಲ್ಲ. ಅಜ್ಜಿ ದೀಪ ತರಲು ಅಡುಗೆಮನೆಗೆ ಓಡಿದಳು. ಅಷ್ಟರಲ್ಲಿ ಅವ್ವ ಕಿಂಡಿ ತಟ್ಟಿದಳು, ಅಪ್ಪ ನನ್ನನ್ನು ದಾಟಿಸಿದ, ಮುದ್ದೆ ಮೂಲೆ ಸೇರಿತು. ಅಜ್ಜಿ ದೀಪ ಹಿಡಿದು, ಹಿಂದೆ ಅಜ್ಜನನ್ನೂ ಕರೆದುಕೊಂಡು ಬಂದು ನೋಡಿದರೆ ಅದೇ ಜಾಗದಲ್ಲಿ ನಾನು ಬೆಚ್ಚಗೆ ಉಸಿರಾಡುತ್ತ ಮಲಗಿದ್ದೆ.

ಅಜ್ಜಿ ಅಲ್ಲೇ ಕುಸಿದು ಕೂತಳು. "ಹೋಗಿ ಬಂತು," ಅಂದಳು. "ನನ್ನ ಕೈಯಾಗೇ ಜೀವ ಹೋಗಿ ತಿರುಗಿ ಬಂತು."

ಅವಳು ಸುಳ್ಳು ಹೇಳಲಿಲ್ಲ. ಸತ್ತ ಮೊಮ್ಮಗಳನ್ನು ಮುಟ್ಟಿದ ಕೈ ಅದು. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಈ ಕಥೆಯಲ್ಲಿ ಎಲ್ಲರ ಮೇಲೂ ನನಗೆ ಒಂದಿಷ್ಟು ಸಿಟ್ಟಿದೆ, ಅಜ್ಜಿಯ ಮೇಲೆ ಮಾತ್ರ ಇಲ್ಲ.

ಮರುದಿನ ಬೆಳಿಗ್ಗೆ ಅಜ್ಜ ಕುರಿಗಾರ ಪೀರಪ್ಪನಿಗೆ ಹೇಳಿ ಕಳಿಸಿದ. ಉಸಿರು ಕಟ್ಟುವ ಕೂಸಿಗೆ, ಫಿಟ್ಸ್ ಬರುವ ಕೂಸಿಗೆ, ಅಳು ನಿಲ್ಲದ ಕೂಸಿಗೆ ಚುಟಿಗೆ ಹಾಕುವುದು ಆಗ ಎಲ್ಲ ಕಡೆ ಇತ್ತು. ಕಬ್ಬಿಣ ಕಾಯಿಸಿ ಹೊಕ್ಕುಳ ಸುತ್ತ ಸುಡುವುದು. ಕುರಿಗಳಿಗೆ ಹಾಕಿ ಹಾಕಿ ಪೀರಪ್ಪನ ಕೈ ಪಳಗಿತ್ತು. ಸುತ್ತಲಿನ ಐದಾರು ಊರಿನವರು ಅವನಿಂದಲೇ ಹಾಕಿಸುತ್ತಿದ್ದರು. ಕೆಲವು ಮಕ್ಕಳು ಬದುಕಿದವು, ಅವು ಚುಟಿಗೆಯಿಂದ ಬದುಕಿದವು. ಕೆಲವು ಉಳಿಯಲಿಲ್ಲ, ಅವುಗಳ ಆಯುಷ್ಯ ಅಷ್ಟೇ ಇತ್ತು. ಯಾರೂ ಇದಕ್ಕಿಂತ ಹೆಚ್ಚು ವಿಚಾರ ಮಾಡುತ್ತಿರಲಿಲ್ಲ. ಅಮಾವಾಸ್ಯೆಯ ದಿನ ಬರುತ್ತೇನೆಂದು ಪೀರಪ್ಪ ಹೇಳಿದ.

ಅವತ್ತೇ ಕಿಂಡಿಯಲ್ಲಿ ಜಗಳವಾಯಿತು. ಆ ಕಡೆ ಅಪ್ಪ ನನ್ನನ್ನು ಎತ್ತಿಕೊಂಡು ಅಡ್ಡಮರದ ಮೇಲೆ ಸುತ್ತುತ್ತಿದ್ದ. ಸುತ್ತು ಬಂದು ಕಿಂಡಿಯ ಎದುರಾದಾಗಲೆಲ್ಲ ಅವ್ವ ಒಂದೊಂದು ಮಾತು ಹೇಳುತ್ತಿದ್ದಳು. ಗಟ್ಟಿಯಾಗಿ ಮಾತಾಡುವಂತಿರಲಿಲ್ಲ.

"ನೀವು ಹೇಳ್ರಿ ಮಾವನವ್ರಿಗೆ. ಕೂಸಿಗೆ ಏನೂ ಆಗಿಲ್ಲಂತ."

ಒಂದು ಸುತ್ತು.

"ಹೇಳ್ತೇನಿ."

ಇನ್ನೊಂದು ಸುತ್ತು.

"ಯಾವಾಗ ಹೇಳ್ತೀರಿ?"

"ನಾಳಿ ಹೇಳ್ತೇನಿ. ಇವತ್ತ ಅಪ್ಪ ಬ್ಯಾರೆ ವಿಚಾರದಾಗ ಅದಾನ."

ಮರುದಿನವೂ ಅದೇ ಮಾತು. ಮೂರನೆಯ ದಿನ ಅಪ್ಪ ಬೇರೆ ದಾರಿ ಹಿಡಿದ. "ನನಗೂ ಹಾಕ್ಯಾರ," ಅಂದ. "ಮೂರು ಅವ ಹೊಕ್ಕಳ ಮ್ಯಾಲ. ಏನಾಗ್ಯದ ನನಗ? ಗಟ್ಟಿ ಇಲ್ಲೇನು?"

ಆ ಕಲೆಗಳನ್ನು ಅವ್ವ ನೋಡಿದ್ದಳು. ಕಡಲೆಯಷ್ಟು ಅಗಲ, ಹೊಳೆಯುವ ಚರ್ಮ. ಮದುವೆಯಾದ ಹೊಸದರಲ್ಲಿ ಒಮ್ಮೆ ಅವುಗಳನ್ನು ಬೆರಳಿನಿಂದ ಮುಟ್ಟಿದಾಗ ಅಪ್ಪ ನಿದ್ದೆಯಲ್ಲೇ ಹೊಟ್ಟೆ ಒಳಗೆಳೆದುಕೊಂಡಿದ್ದ. ಅದನ್ನು ಅವಳು ಅಪ್ಪನಿಗೆ ಎಂದೂ ಹೇಳಿರಲಿಲ್ಲ. ಈಗ ಹೇಳಿದಳು.

"ನೀವು ಮರತೀರಿ," ಅಂದಳು. "ನಿಮ್ಮ ಹೊಟ್ಟಿ ಮರತಿಲ್ಲ."

ಎತ್ತು ಸುತ್ತುತ್ತಿತ್ತು. ಮುಂದಿನ ಸುತ್ತಿಗೆ ಅವ್ವ, "ನೀವು ಹೇಳದಿದ್ರ ನಾನೇ ಪಡಸಾಲಿಗೆ ಬಂದು ಹೇಳ್ತೇನಿ" ಎಂದಳು. ಸೊಸೆ ಮಾವನ ಎದುರು ನಿಂತು ಬಾಯಿ ತೆರೆಯುವುದು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ನಡೆದಿರಲಿಲ್ಲ.

"ನೀ ಹೇಳಿದ್ರ ನಾ ಈ ಊರಾಗ ತಲಿ ಎತ್ತಿ ಅಡ್ಡಾಡೋದು ಹ್ಯಾಂಗ?" ಎಂದ ಅಪ್ಪ. "ನಾನೇ ಹೇಳ್ತೇನಿ. ಅಮಾಸಿ ಒಳಗ ಹೇಳ್ತೇನಿ. ನಿನ್ನ ಆಣಿ."

ಅವನು ಕೆಟ್ಟವನಲ್ಲ. ಹೆದರುವವನು. ಅಜ್ಜನೆದುರು ಇಪ್ಪತ್ತೈದು ವರ್ಷ 'ಹೂಂ' ಎಂದೇ ಬೆಳೆದವನಿಗೆ 'ಇಲ್ಲ' ಎನ್ನುವುದು ಬಾಯಿಗೆ ಕೂಡಿಬರುತ್ತಿರಲಿಲ್ಲ. ಪ್ರತಿ ದಿನ ಹೇಳಬೇಕೆಂದು ಪಡಸಾಲೆಗೆ ಹೋಗಿ, ಅಜ್ಜ ತಲೆಯೆತ್ತಿ ನೋಡಿದರೆ, "ಹಿಂಡಿ ಹಾಕ್ಲ್ಯಾ ಎತ್ತಿಗೆ?" ಎಂದು ಕೇಳಿ ತಿರುಗಿ ಬರುತ್ತಿದ್ದ. ಒಂದೇ ದಿನ ಮೂರು ಸಲ ಕೇಳಿದ್ದಕ್ಕೆ ಅಜ್ಜ ಬೈದನಂತೆ, ಎತ್ತಿನ ಹೊಟ್ಟೆ ಒಡೆದೀತು ಎಂದು.

ಅಮಾವಾಸ್ಯೆಯ ದಿನ ಅಪ್ಪ ಏನೂ ಹೇಳದೆ ಗಾಣಕ್ಕೆ ಹೋದ. ಕುಸುಬೆ ಹಾಕಿ, ಎತ್ತು ಕಟ್ಟಿ, ಕೂತ. ಕಿಂಡಿಯ ಕಡೆಗೆ ನೋಡಲಿಲ್ಲ. ಅವ್ವ ಎರಡು ಸಲ ತಟ್ಟಿದಳು, ಓಗೊಡಲಿಲ್ಲ. ಅವತ್ತು ಅವಳು ಅಪ್ಪನ ಮೇಲಿನ ಆಸೆಯನ್ನು ಬಿಟ್ಟಳು. ಎತ್ತಾದರೂ ವಾಸಿ, ಅದಕ್ಕೆ ಕಣ್ಣು ಕಟ್ಟಿರುತ್ತಾರೆ ಎಂದುಕೊಂಡಳಂತೆ.

ಹೊತ್ತು ಇಳಿಯುವಾಗ ಪೀರಪ್ಪ ಬಂದ. ಕುರಿ ಹಟ್ಟಿಗೆ ಹೊಡೆಯುವ ಮೊದಲು ಮುಗಿಸಬೇಕೆಂದು ಅವಸರವಿತ್ತು. ಅಂಗಳದಲ್ಲಿ ಒಡೆದ ಗಡಿಗೆಯ ಚೂರಿನಲ್ಲಿ ಕೆಂಡ ಹಾಕಿಸಿ, ಕುಡುಗೋಲಿನ ತುದಿಯನ್ನು ಅದರಲ್ಲಿ ಹುದುಗಿಸಿ ಕೂತ. ಅವನದು ತಣ್ಣನೆಯ ದನಿ, ಒಳ್ಳೆಯ ಮನುಷ್ಯ. "ಮೂರೇ ಮೂರು," ಎಂದು ಅಜ್ಜಿಗೆ ಹೇಳಿದ. "ನೀ ಕಾಲು ಗಟ್ಟಿ ಹಿಡಕೋ ತಾಯಿ. ನಾ ಕಣ್ಣು ಮುಚ್ಚಿ ತಗಿಯೋದ್ರಾಗ ಮುಗಿಸ್ತೇನಿ." ಅಜ್ಜ ಪಡಸಾಲೆಯ ಅಂಚಿನಲ್ಲಿ, ಕಂಬದ ಪಕ್ಕ, ರುಮಾಲು ಸುತ್ತಿಕೊಂಡು ಕೂತಿದ್ದ. ಅಜ್ಜಿ ಕೋಣೆಗೆ ಬಂದು ಅವ್ವನ ಕೈಯಿಂದ ನನ್ನನ್ನು ತೆಗೆದುಕೊಂಡಳು. ಅವ್ವ ಕೊಡಲಿಲ್ಲ, ಅಜ್ಜಿ ಬಿಡಿಸಿಕೊಂಡಳು.

"ನನಗೂ ಕರುಳು ಸುಡತದ ಬೇ," ಎಂದಳು ಅಜ್ಜಿ. "ಉಳೀಲಿ ಅಂತ."

ಅಂಗಳದಲ್ಲಿ ಅಜ್ಜಿಯ ತೊಡೆಯ ಮೇಲೆ ನನ್ನನ್ನು ಮಲಗಿಸಿ ಹೊಟ್ಟೆಯ ಮೇಲಿನ ಬಟ್ಟೆ ತೆಗೆದರು. ನನ್ನ ಅಳುವ ಹೊತ್ತೂ ಆಗಿತ್ತು. ಶುರು ಮಾಡಿದೆ. ಅವ್ವ ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಸೆರಗು ಬಾಯಿಗೆ ತುರುಕಿಕೊಂಡು. ಮಾವನೆದುರು ಹೋಗಿ ಮಾತಾಡಬೇಕೆಂದು ಒಂದು ಹೆಜ್ಜೆ ಹೊಸ್ತಿಲ ಹೊರಗೆ ಇಟ್ಟಿದ್ದಳು. ಪೀರಪ್ಪ ಕುಡುಗೋಲನ್ನು ಕೆಂಡದಿಂದ ಎತ್ತಿ ಊದಿ ನೋಡಿದ. ತುದಿ ಕೆಂಪಾಗಿತ್ತು. ಅಜ್ಜಿ ಮುಖ ತಿರುಗಿಸಿ ನನ್ನ ಕಾಲು ಹಿಡಿದಳು.

ಆಗ ಗಾಣದ ಸದ್ದು ನಿಂತಿತು.

ಅಪ್ಪ ಗಾಣದ ಮನೆಯ ಬಾಗಿಲಿನಿಂದ ಅಂಗಳಕ್ಕೆ ಬಂದ. ಬಿರಬಿರನೆ ಬರಲಿಲ್ಲವಂತೆ; ಎಂದಿನಂತೆ ತಲೆ ತಗ್ಗಿಸಿಕೊಂಡೇ ಬಂದ. ಹಿಂಡಿ ಹಾಕಲೇ ಎಂದು ಕೇಳಲು ಬಂದನೆಂದೇ ಅಜ್ಜ ತಿಳಿದ. ಅಪ್ಪ ಪೀರಪ್ಪನ ಕುಡುಗೋಲನ್ನು ದಾಟಿ ಬಗ್ಗಿ, ಎಣ್ಣೆ ಮೆತ್ತಿದ ಎರಡೂ ಕೈಯಲ್ಲಿ ನನ್ನನ್ನು ಅಜ್ಜಿಯ ತೊಡೆಯಿಂದ ಎತ್ತಿದ. ಎದೆಗೆ ಒತ್ತಿಕೊಂಡು ಅಂಗಳದಲ್ಲಿ ಸುತ್ತಲಿಕ್ಕೆ ಹತ್ತಿದ. ತುಳಸಿಯ ಕಟ್ಟೆ ಇಲ್ಲದ ಮನೆ ನಮ್ಮದು. ನಟ್ಟನಡುವೆ ಕೆಂಡದ ಗಡಿಗೆ ಇತ್ತು. ಅದನ್ನೇ ಸುತ್ತಿದ. ಮೂರನೆಯ ಸುತ್ತಿಗೆ ನಾನು ಸುಮ್ಮನಾದೆ.

"ಇದಕ್ಕ ಏನೂ ಆಗಿಲ್ಲ ಅಪ್ಪಾ," ಎಂದ. ಅಜ್ಜನ ಮುಖ ನೋಡದೆ ಹೇಳಿದ. "ದಿನಾ ಹಿಂಗ ಎತ್ಕೊಂಡ್ರ ಸುಮ್ಮಗಾಗ್ತದ. ಕಿಂಡಿಯಾಗಿಂದ ಇಸಗೊಂಡು ನಾನೇ ಎತ್ಕೊಳ್ತಿದ್ದೆ. ಅವ್ವ ಅವತ್ತ ಮುಟ್ಟಿದ್ದು ಸೀರಿ ಮುದ್ದಿ."

ಅಜ್ಜಿ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಅದನ್ನು ಮುಖಕ್ಕೆ ಮುಚ್ಚಿಕೊಂಡು ಅತ್ತಳು. ಪೀರಪ್ಪ ಯಾರನ್ನೂ ನೋಡದೆ ಕೆಂಡದ ಮೇಲೆ ಬೂದಿ ಎಳೆದ, ಕುಡುಗೋಲನ್ನು ನೀರಿನ ಬಾನಿಯಲ್ಲಿ ಅದ್ದಿದ. ಅದು ಚುಂಯ್ ಎಂದದ್ದೊಂದೇ ಸದ್ದು. "ಕುರಿ ಬರೋ ಹೊತ್ತಾತು" ಎಂದು ಹೇಳಿ ಎದ್ದು ಹೋದ.

ಅಪ್ಪ ಇಂದು ಮನೆಯಿಂದ ಹೊರಗೆ ಹಾಕಿಸಿಕೊಳ್ಳುತ್ತೇನೆಂದೇ ತಿಳಿದಿದ್ದ. ಆದರೂ ನನ್ನನ್ನು ಕೆಳಗಿಳಿಸಲಿಲ್ಲ. ಸುತ್ತುವುದನ್ನೂ ನಿಲ್ಲಿಸಲಿಲ್ಲ.

"ಎಷ್ಟು ದಿನಾತು ಹಿಂಗ?" ಎಂದು ಅಜ್ಜ ಕೇಳಿದ.

"ಮೂರು ವಾರ ಆತು."

"ನಾ ಇಲ್ಲೇ ಕುಂತಾಗ?"

"ಹೂಂ."

ಅಜ್ಜ ಮೊಣಕಾಲಿನ ಮೇಲೆ ಕೈಯೂರಿ ಎದ್ದ. ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ. ಅಪ್ಪನ ಹತ್ತಿರ ಬರಲಿಲ್ಲ, ನನ್ನನ್ನು ಮುಟ್ಟಲೂ ಇಲ್ಲ. ನೇರವಾಗಿ ಗಾಣದ ಮನೆಯ ಕಡೆಗೆ ನಡೆದು, ಬಾಗಿಲಲ್ಲಿ ನಿಂತ. ಒಳಗೆ ಎತ್ತು ಕಣ್ಣು ಕಟ್ಟಿದ ಹಾಗೆಯೇ ನಿಂತಿತ್ತು. ಒರಳಿನಲ್ಲಿ ಕುಸುಬೆ ಅರ್ಧ ನುರಿದಿತ್ತು. ಅಜ್ಜ ಬೆನ್ನು ತಿರುಗಿಸಿಕೊಂಡೇ ಮಾತಾಡಿದ.

"ನಿನಗ ಚುಟಿಗಿ ಹಾಕಿದ ದಿನ ನಾನೂ ಇದರಾಗೇ ಇದ್ದೆ. ನಮ್ಮಪ್ಪ ಪಡಸಾಲ್ಯಾಗ ಕುಂತಿದ್ದ. ನೀ ಒದರೋದು ಇಲ್ಲೀತನ ಕೇಳತಿತ್ತು."

"ನಾ ಎತ್ತು ನಿಲ್ಲಸಲಿಲ್ಲ" ಎಂದ.

ಆಮೇಲೆ ಒಳಗೆ ಹೋಗಿ ಅಡ್ಡಮರದ ಮೇಲೆ ಕೂತ. ಅವನು ಅಲ್ಲಿ ಕೂತು ಹತ್ತು ವರ್ಷವಾಗಿತ್ತು. ಅವತ್ತು ಉಳಿದ ಎಣ್ಣೆಯನ್ನೆಲ್ಲ ಅವನೇ ತೆಗೆದ. ಅಪ್ಪ ದೀಪ ಹಚ್ಚುವವರೆಗೂ ನನ್ನನ್ನು ಎತ್ತಿಕೊಂಡು ಅಂಗಳದಲ್ಲೇ ಸುತ್ತುತ್ತಿದ್ದ.